ಬಿಳಿ ಅಕ್ಷರ – ಕಂತು ೯: ‘ನಾಯಿ ಮುಟ್ಟೇತಿ’

“ಈಗ ನೋಡ್ರಿ ಕಾಕಾ,” ಎಂದು ಪೂನಮ್ ಕೀಬೋರ್ಡಿನ ಮೇಲೆ ಎರಡು ಬೆರಳು ಒತ್ತಿದಳು.

ಪರದೆಯ ಕೆಳಗೆ ಖಾಲಿ ಇದ್ದ ಬಿಳಿ ಜಾಗವೆಲ್ಲ ನೀಲಿಯಾಯಿತು. ಆ ನೀಲಿಯೊಳಗಿಂದ ಅಕ್ಷರಗಳು ಎದ್ದು ಬಂದವು. ಒಂದೆರಡಲ್ಲ, ಮೂವತ್ತು ನಲವತ್ತು ಸಾಲು. ನಾನು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿ ಮತ್ತೆ ಹಾಕಿಕೊಂಡೆ.

“ಎಲ್ಲಿದ್ದವು ಇವು?”

“ಇಲ್ಲೇ ಇದ್ದವ್ರಿ. ಬಿಳಿ ಹಾಳಿ ಮ್ಯಾಲೆ ಬಿಳಿ ಅಕ್ಷರ. ಮನಷ್ಯಾರ ಕಣ್ಣಿಗೆ ಕಾಣಂಗಿಲ್ಲ, ಹುಡುಕೋ ಯಂತ್ರಕ್ಕ ಕಾಣತಾವು. ಯಾರರ ‘ನಾಯಿ ಕಡಿತ, ಸವದತ್ತಿ’ ಅಂತ ಹೊಡದ್ರ ಅದು ಈ ಪುಟಾನ ತಂದು ಎಲ್ಲಾದಕಿಂತ ಮ್ಯಾಲೆ ಇಡತೈತಿ.”

ಕಣ್ಣಿಗೆ ಕಾಣುತ್ತಿದ್ದದ್ದು ಬೇರೆ. ಮೇಲೆ ಒಂದು ಬೇರಿನ ಚಿತ್ರ. ‘ಹುಚ್ಚುನಾಯಿ ಕಡಿತಕ್ಕೆ ನೂರಕ್ಕೆ ನೂರು ಗ್ಯಾರಂಟಿ. ಸೂಜಿ ಮಾಡಿಸಿದವರಿಗೆ ಬೇರು ಹತ್ತುವುದಿಲ್ಲ.’ ವಿಳಾಸವಿಲ್ಲ. ಒಂದು ಮೊಬೈಲ್ ನಂಬರು, ಕರೆ ಮಾಡಿದರೆ ಬಸ್‌ಸ್ಟ್ಯಾಂಡಿಗೆ ಗಾಡಿ ಬರುತ್ತದೆ ಎಂಬ ಒಂದು ಸಾಲು, ಅಷ್ಟೆ.

ಸುರೇಬಾನದ ನೇಕಾರ ಉಳವಪ್ಪ ಸತ್ತು ಇಪ್ಪತ್ತು ದಿನವಾಗಿತ್ತು. ಅವನ ಅಂಗಿಯ ಕಿಸೆಯಲ್ಲಿ ಸಿಕ್ಕ ಹಾಳೆ ಇದೇ ಪುಟದ್ದು. ನೀರಿನ ತಂಬಿಗೆ ಕಂಡರೆ ಚೀರುತ್ತಿದ್ದ ಅವನನ್ನು ಮಲಗುವ ಹೊರಸಿಗೆ ಕಟ್ಟಿ ಹಾಕಿದ್ದರು. ನಾನು ಕಣ್ಣಾರೆ ನೋಡಿದ್ದೇನೆ, ಅದನ್ನು ಮತ್ತೆ ವರ್ಣಿಸಲಾರೆ.

ಈಗ ಅದೇ ಹಾಳೆ ಇನ್ನೊಬ್ಬರ ಕೈಯಲ್ಲಿತ್ತು. ಆರು ದಿನದ ಹಿಂದೆ, ಶನಿವಾರ, ಸವದತ್ತಿಯ ಒಂದು ಸೈಬರ್ ಅಂಗಡಿಯಲ್ಲಿ ಯಾರೋ ಮುದುಕಿ ಇದನ್ನು ಪ್ರಿಂಟ್ ತೆಗೆಸಿಕೊಂಡು ಹೋಗಿದ್ದಳು. ಜೊತೆಗೆ ಆರೇಳು ವರ್ಷದ ಹುಡುಗ, ಗಲ್ಲಕ್ಕೆ ಬಟ್ಟೆ ಕಟ್ಟಿತ್ತು. ಬಸ್‌ಸ್ಟ್ಯಾಂಡಿನ ಮುಂದೆ ಇಬ್ಬರೂ ಬಿಳಿ ವ್ಯಾನು ಹತ್ತಿದ್ದನ್ನು ಎಳನೀರು ಮಾರುವವ ನೋಡಿದ್ದ. ಆಮೇಲೆ ಅವರ ಸುದ್ದಿಯಿಲ್ಲ. ಮಗು ಕಾಣೆಯಾಗಿದೆ ಎಂದು ಯಾರೂ ದೂರು ಕೊಟ್ಟಿಲ್ಲ, ಆದ್ದರಿಂದ ಅವರು ಯಾವ ಊರಿನವರು ಎಂಬುದೂ ಗೊತ್ತಿಲ್ಲ.

“ಮುಖದ ಮ್ಯಾಲಿನ ಕಡಿತ ಲಗೂನ ಮೆದುಳಿಗೆ ಏರತೈತಿ,” ಎಂದು ದವಾಖಾನೆಯ ಡಾಕ್ಟರು ನನಗೆ ಹೇಳಿದ್ದರು. “ಇವತ್ತ ಸೂಜಿ ಬಿದ್ರ ಉಳಸ್ತೇನಿ, ನಿಜಗುಣಪ್ಪನವರೇ. ಮುಂದಿನ ವಾರ ನನ್ನ ಕಡೆ ತರಬ್ಯಾಡ್ರಿ.”

ಮೊಬೈಲು ಮೂರು ದಿನದಿಂದ ಬಂದ್. ಸಿಮ್ಮು ಸತ್ತವನೊಬ್ಬನ ಹೆಸರಿನಲ್ಲಿತ್ತು. ಪುಟ ಮಾಡಿದವರು ಸಿಕ್ಕರೆ ಮಾತ್ರ ಹುಡುಗ ಸಿಕ್ಕಾನು. ಹಾಗಾಗಿ ಸವದತ್ತಿ ಪೊಲೀಸ್ ಠಾಣೆಯ ಫೌಜದಾರ ಅಂದಾನೆಪ್ಪ ನನ್ನಂಥ ನಿವೃತ್ತ ಟಪಾಲಿನವನನ್ನು ಬೆನ್ನು ಹತ್ತಿದ್ದ. ಮೂವತ್ತೈದು ವರ್ಷ ತಪ್ಪು ವಿಳಾಸದ ಕಾಗದಗಳನ್ನು ಸರಿ ಮನೆಗೆ ಮುಟ್ಟಿಸಿದವನು ನಾನು. ಈ ಯಂತ್ರದ ಹಾಳು ವಿದ್ಯೆ ನನಗೆ ತಿಳಿಯದು, ಆದ್ದರಿಂದ ಬೈಲಹೊಂಗಲದ ಪೂನಮ್‌ಳ ಸೈಬರ್ ಅಂಗಡಿಗೆ ಬಂದು ಕೂತಿದ್ದೆ.

“ಇದಷ್ಟ ಅಲ್ರಿ,” ಎಂದಳು ಆಕೆ. “ನಲವತ್ತು ಖಾಲಿ ಸೈಟ್ ಮಾಡಿ, ಎಲ್ಲಾದರಾಗೂ ‘ಇಲ್ಲಿಗೆ ಹೋಗ್ರಿ’ ಅಂತ ಈ ಪುಟದ ಹೆಸರು ಹಾಕ್ಯಾರ. ಇಷ್ಟು ಮಂದಿ ಹೇಳಾಕ ಹತ್ಯಾರಂದ್ರ ಖರೇ ಇರಬೇಕು ಅಂತ ಯಂತ್ರ ತಿಳಕೊಳ್ತೈತಿ.”

“ಕಳ್ಳ ಸಾಕ್ಷಿ ಅನ್ನು.”

“ಹೌದ್ರಿ, ಅದ.”

“ನೀನೂ ಒಂದು ಪುಟ ಮಾಡೀದೆಲ್ಲ, ನಾಯಿ ಕಡಿತದ ಸೂಜಿ ಯಾವ ಯಾವ ದವಾಖಾನ್ಯಾಗ ಸಿಗತೈತಿ ಅಂತ? ಅದೆಲ್ಲೈತಿ?”

“ಹನ್ನೊಂದನೇದು. ಎರಡನೇ ಪುಟದಾಗ. ಅಲ್ಲೀಮಟಾ ಯಾರೂ ಹೋಗಂಗಿಲ್ರಿ.”

ನನ್ನ ಪಿತ್ತ ನೆತ್ತಿಗೇರಿತು. “ಹಂಗಾರ ನೀನೂ ಬಿಳಿ ಅಕ್ಷರ ತುಂಬಬೇಕಿಲ್ಲೋ! ಮಂದಿ ಜೀವರ ಉಳೀತಿತ್ತು!”

ಪೂನಮ್ ಕೀಬೋರ್ಡಿನಿಂದ ಕೈ ತೆಗೆದು ನನ್ನತ್ತ ತಿರುಗಿದಳು. “ತುಂಬಬಹುದಿತ್ರಿ. ಕೈಯಾಗಿನ ಕೆಲಸ. ಜನ ಹೆಂಗ ಕೇಳತಾರೋ ಹಂಗ ನಾನೂ ಬರದೇನಿ, ಆದ್ರ ಕರೀ ಅಕ್ಷರದಾಗ, ಎಲ್ಲಾರಿಗೂ ಕಾಣೂ ಹಂಗ, ಕೆಳಗ ಉತ್ತರಾನೂ ಇಟ್ಟೇನಿ. ಕಳ್ಳದಾರಿ ಹಿಡದವ್ರು ಸಿಕ್ಕಬಿದ್ರ ಇಡೀ ಪುಟಾನ ಕಿತ್ತ ಒಗೀತಾರ. ಆಮ್ಯಾಲೆ ದವಾಖಾನಿ ವಿಳಾಸ ಎಲ್ಲೂ ಇರಂಗಿಲ್ಲ.” ಆಕೆಯ ದನಿ ಇಳಿಯಿತು. “ಉಳವಪ್ಪ ಸತ್ತ ದಿನ ಮಾತ್ರ ನನಗೂ ಅನಿಸ್ತು ಕಾಕಾ. ಮಾಡಿಬಿಡಬೇಕಿತ್ತು ಅಂತ. ಅವತ್ತ ನಾ ಉಣ್ಣಲಿಲ್ಲ.”

ನಾನು ಅಂದದ್ದು ಹೆಚ್ಚಾಯಿತು ಎನಿಸಿ ಪರದೆಯತ್ತ ತಿರುಗಿದೆ.

ಇಂಗ್ಲಿಷ್ ಅಕ್ಷರದಲ್ಲಿ ಬರೆದ ಊರುಗಳ ಹೆಸರು. ಸವದತ್ತಿ, ಸೌದತ್ತಿ, ಸೌಂದತ್ತಿ, ಸುಂದತ್ತಿ, ಪರಸಗಡ. ಕಿತ್ತೂರ, ಕಿಟ್ಟೂರ, ಕೀತೂರು. ಬೈಲಹೊಂಗಲ, ಬೈಲವಂಗಲ, ಸಂಪಗಾಂವ. ಓದುತ್ತ ಹೋದಂತೆ ನನ್ನ ತುಟಿ ಮುಂದಿನ ಹೆಸರನ್ನು ತಾನೇ ಹೇಳತೊಡಗಿತು. ಹೇಳಿದ ಹೆಸರೇ ಮುಂದೆ ಬರುತ್ತಿತ್ತು.

“ಸುರೇಬಾನ ಎಲ್ಲೈತಿ ನೋಡು.”

ಪೂನಮ್ ಪುಟ ಸರಿಸಿದಳು. ಸುರೇಬಾನ, ಸೂರೆಭಾನ, ಸುರಿಬಾನ್, ಸೂರ್ಯಬಾಣ.

ಸೂರ್ಯಬಾಣ!

ಈ ತಪ್ಪನ್ನು ಜಗತ್ತಿನಲ್ಲಿ ಯಾರೂ ಮಾಡುವುದಿಲ್ಲ. ಒಬ್ಬನೇ ಮಾಡಿದ್ದ. ಎಂಬತ್ತನಾಲ್ಕರಲ್ಲಿ ಸುರೇಬಾನದ ಸಿಪಾಯಿಯೊಬ್ಬನಿಗೆ ಜ್ವರ ಬಂದು, ಅವನ ಪರವಾಗಿ ಪಂಜಾಬಿ ಗೆಳೆಯ ಮನೆಗೆ ಕಾಗದ ಬರೆದಿದ್ದ. ಊರಿನ ಹೆಸರು ಅವನ ಕಿವಿಗೆ ಸೂರ್ಯಬಾಣ ಎಂದು ಕೇಳಿಸಿತ್ತು. ಮೂರು ರಾಜ್ಯ ಸುತ್ತಿ ಬಂದ ಆ ಕಾಗದವನ್ನು ಬಿಡಿಸಿದವನು ನಾನು. ಬಿಡಿಸಿ ನನ್ನ ವಹಿಯಲ್ಲಿ ಬರೆದಿಟ್ಟಿದ್ದೆ. ‘ದಾರಿ ತಪ್ಪಿದ ಊರುಗಳು’ ಎಂದು ಅದರ ರಟ್ಟಿನ ಮೇಲೆ ನನ್ನದೇ ಕೈಬರಹವಿದೆ. ಸೂರ್ಯಬಾಣ ಎಂಬ ಹೆಸರು ಆ ವಹಿಯಲ್ಲಿ ಬಿಟ್ಟರೆ ಇನ್ನೆಲ್ಲಿಯೂ ಇಲ್ಲ.

ಆ ವಹಿಯನ್ನು ದೀಪಾವಳಿಯ ಮುಂದೆ ನಾನು ಒಬ್ಬರಿಗೆ ಮಾತ್ರ ಕೊಟ್ಟಿದ್ದೆ. ದವಾಖಾನೆಗಳ ಪುಟ ಮಾಡಲು ಜನ ಊರಿನ ಹೆಸರನ್ನು ಹೇಗೆಲ್ಲ ತಪ್ಪು ಬರೆಯುತ್ತಾರೆ ತಿಳಿಯಬೇಕು ಎಂದು ಕೇಳಿದವಳಿಗೆ. ಅವಳು ನನ್ನ ಮಗ್ಗುಲಲ್ಲೇ ಕೂತಿದ್ದಳು.

“ಪೂನಮ್,” ಎಂದೆ. “ನನ್ನ ವಹಿ ಎಲ್ಲೈತಿ?”

ಆಕೆ ನನ್ನ ಮುಖ ನೋಡಿದಳು. ಮತ್ತೆ ಪರದೆ ನೋಡಿದಳು. ಜಾಣೆ, ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ.

“ಮೊದಲ ನನ್ನ ಮ್ಯಾಲೆ ಬಂತೇನ್ರಿ ಕಾಕಾ, ನಿಮ್ಮ ಅನುಮಾನ?”



ಪೂನಮ್ ಎದ್ದು ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಉದ್ದ ನೋಟುಬುಕ್ಕೊಂದನ್ನು ತೆಗೆದಳು. ಅವಳಪ್ಪ ಹನುಮಪ್ಪ ನನ್ನ ಜೋಡಿ ಇಪ್ಪತ್ತು ವರ್ಷ ಟಪಾಲು ಹಂಚಿದವನು, ಈಗಿಲ್ಲ. “ರಿಜಿಸ್ಟರ್ ಟಪಾಲು ಸಹಿ ಇಲ್ಲದ ಯಾರ ಕೈಯಾಗೂ ಕೊಡಬಾರದು ಅಂತ ನಮ್ಮಪ್ಪ ಕಲಿಸ್ಯಾನ್ರಿ. ಯುಗಾದಿ ಮುಂದ ನಿಮ್ಮ ವಹಿ ವಾಪಸ್ ಕೊಟ್ಟೇನಿ. ‘ಅಪ್ಪಾ ಕೇಳ್ಯಾರ’ ಅಂತ ಬಂದಿದ್ರು. ಸಹಿ ನೋಡ್ರಿ.”

ನೋಡಿದೆ. ಆ ಸಹಿಯನ್ನು ನಾನು ಒಂದನೇ ಇಯತ್ತೆಯಿಂದ ನೋಡಿದ್ದೇನೆ. ಹೆಸರಿನ ಕೊನೆಯ ದೀರ್ಘವನ್ನು ಬಾಲದಂತೆ ಎಳೆಯಬೇಡ ಎಂದು ಸ್ಲೇಟಿನ ಮೇಲೆ ಎಷ್ಟು ಸಲ ತಿದ್ದಿಸಿದ್ದೆ. ಎಳೆದೇ ಇತ್ತು.

ಶೈಲಜಾ. ನನ್ನ ಮಗಳು.

ನಾನು ವಹಿ ಕೇಳಿ ಕಳಿಸಿರಲಿಲ್ಲ.

ಹನುಮಪ್ಪನ ಮಗಳ ಮುಖ ನೋಡಲು ನನಗೆ ನಾಚಿಕೆಯಾಯಿತು. ಮಗಳು ಕಳ್ಳಿ ಇರಬಹುದೆಂಬ ದುಃಖಕ್ಕಿಂತ ಮೊದಲು ನಾಚಿಕೆಯೇ ಬಂತು, ಅದನ್ನು ಮುಚ್ಚಿಡುವುದಿಲ್ಲ. “ತಪ್ಪಾತು ಯವ್ವಾ,” ಎಂದೆ. ಆಕೆ ನೋಟುಬುಕ್ಕು ಮುಚ್ಚಿದಳು, ಆಗಲಿ ಎನ್ನಲಿಲ್ಲ.

“ಇನ್ನೆರಡು ನೋಡ್ಕೊಂಡು ಹೋಗ್ರಿ,” ಎಂದು ಮತ್ತೆ ಪರದೆಯ ಮುಂದೆ ಕೂತಳು. “ಕಟ್ಟಕಡೀ ಸಾಲು. ನಾ ಹದಿನೈದು ದಿನದ ಹಿಂದ ಪ್ರಿಂಟ್ ತಗದಾಗ ಇದು ಇರಲಿಲ್ಲ.”

ಕಡೆಯ ಸಾಲಿನಲ್ಲಿ ಹೀಗಿತ್ತು: ಸುರೇಬಾನ ನಾಯಿ ಸಾವು.

ಉಳವಪ್ಪನ ಸಾವಿನ ಸುದ್ದಿ ಪತ್ರಿಕೆಯಲ್ಲಿ ಬಂದು, ಅಂಜಿದ ಜನ ಅದನ್ನೇ ಹುಡುಕುತ್ತಾರೆ ಎಂದು ತಿಳಿದು, ಆ ಸಾವನ್ನೂ ಗಾಳದ ತುದಿಗೆ ಸಿಕ್ಕಿಸಿದ್ದರು. ಅಯ್ಯೋ ಶಿವನೇ!

“ಇನ್ನೊಂದು?”

“ಈ ಮಾತು. ‘ನಾಯಿ ಮುಟ್ಟೇತಿ’. ಹುಳ ಮುಟ್ಟೇತಿ ಅಂತಾರ್ರಿ, ಹಾವಿಗೆ. ನಾಯಿಗೆ ಯಾರಂತಾರ? ನಾ ಕೇಳಿಲ್ಲ. ನಿಮ್ಮ ವಹಿಯೊಳಗ ಬರೇ ಊರಿನ ಹೆಸರು, ಅದರಾಗೂ ಇರಲಿಲ್ಲ. ಈ ಮಾತು ಬರದವ್ರಿಗೆ ಎಲ್ಲಿಂದ ಸಿಕ್ತು?”

ನನಗೂ ಗೊತ್ತಿರಲಿಲ್ಲ.

ಯರಗಟ್ಟಿಯ ಬಸ್ಸು ಮುರಗೋಡ ದಾಟುವಾಗ ಅಂದಾನೆಪ್ಪನ ಫೋನು ಬಂತು. ಸವದತ್ತಿಯ ಸೈಬರ್ ಅಂಗಡಿಯವನನ್ನು ಅವನು ಮತ್ತೆ ಕೂರಿಸಿಕೊಂಡು ಕೇಳಿದ್ದ.

“ಆ ಮುದಿಕೀ ಹೆಸರು, ಊರು ಏನೂ ನೆನಪಿಲ್ಲಂತ್ರಿ ಅವಗ. ಒಂದ ಮಾತು ನೆನಪೈತಿ, ನಗು ಬಂತಂತ. ಎಲ್ಲಾರೂ ನಾಯಿ ಕಚ್ಚೇತಿ ಅಂತ ಬರತಾರ. ಈಕಿ ‘ನಾಯಿ ಮುಟ್ಟೇತಿ, ಹಂಗ ಹೊಡಿ ತಮ್ಮಾ, ಕಚ್ಚೇತಿ ಅಂತ ಹೊಡೀಬ್ಯಾಡ’ ಅಂದ್ಳಂತ. ಹಂಗ ಹೊಡದ್ನಂತ. ಮೊದಲನೇದ ಈ ಪುಟ ಬಂತಂತ.”

“ಬರಲಾರದ ಏನ ಮಾಡೀತು,” ಎಂದೆ. ಆ ಮಾತು ಬಿಳಿ ಅಕ್ಷರದಲ್ಲಿ ಮೊದಲೇ ಕಾದು ಕೂತಿತ್ತು.

“ನೀವೆಲ್ಲಿಗೆ ಹೊಂಟ್ರಿ?”

“ಮಗಳ ಮನಿಗೆ.” ಅದಕ್ಕಿಂತ ಹೆಚ್ಚು ಹೇಳಲು ಬಾಯಿ ಬರಲಿಲ್ಲ. ಫೌಜದಾರನಿಗೆ ಸುಳ್ಳು ಹೇಳಿರಲಿಲ್ಲ, ಖರೆಯನ್ನೂ ಹೇಳಿರಲಿಲ್ಲ.

ಯರಗಟ್ಟಿಯಲ್ಲಿ ಇಳಿದವನು ರೂಢಿಯಂತೆ ಸ್ಟ್ಯಾಂಡಿನ ಅಂಗಡಿಯಲ್ಲಿ ಶೇಂಗಾ ಚಿಕ್ಕಿ ಕಟ್ಟಿಸಿಕೊಂಡೆ. ಮಗಳ ಮೇಲೆ ಹಲ್ಲು ಕಡಿಯುತ್ತ ಹೊರಟವನಿಗೂ ಮೊಮ್ಮಗ ಅಪ್ಪುವಿನ ಚಿಕ್ಕಿ ಮರೆಯಲಿಲ್ಲ ನೋಡಿ.

ಶೈಲಜಾ ಪಡಸಾಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದಳು. ಮನೆಯಲ್ಲೇ ಕೂತು ಮಾಡುವ ಟೈಪಿಂಗ್ ಕೆಲಸ ಎಂದು ನಮಗೆಲ್ಲ ಹೇಳಿದ್ದಳು. ಅಳಿಯ ವಿಜಯ ಬೀಜದ ಕಂಪನಿಯ ಕೆಲಸಕ್ಕೆ ರಾಯಚೂರ ಕಡೆ ಹೋಗಿ ವಾರವಾಗಿತ್ತು.

“ಅಪ್ಪಾ! ಒಂದು ಫೋನರ ಮಾಡಬಾರದೇನ್ರಿ? ಬರ್ರಿ, ಕುಂದರ್ರಿ. ನೀರ ತರತೇನಿ.”

“ಅಪ್ಪು ಎಲ್ಲಿ?”

“ಸಾಲಿ ಸೂಟಿ ಅಲ್ಲೇನ್ರಿ. ಅಜ್ಜಿ ಜೋಡಿ ಸಿರಸಂಗಿಗೆ ಹೋಗ್ಯಾನ.”

ಒಳ್ಳೆಯದೇ ಆಯಿತು ಎಂದುಕೊಂಡೆ. ಹುಡುಗನ ಎದುರು ಆಡುವ ಮಾತಲ್ಲ ಇದು. ನಾನು ಕೂರಲಿಲ್ಲ.

“ನನ್ನ ವಹಿ ಕೊಡು.”

ನೀರು ತರಲು ಹೊರಟವಳು ಹೊಸ್ತಿಲಲ್ಲಿ ನಿಂತಳು. ಅವಳ ಕಣ್ಣು ಕಪಾಟಿನ ಮೇಲಕ್ಕೆ ಹೋಗಿ ಬಂತು. ಅಷ್ಟು ಸಾಕಿತ್ತು ನನಗೆ. ಕೈ ಹಾಕಿ ತೆಗೆದೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದಳು. ಪ್ರತಿ ಊರಿನ ಮುಂದೆ ಪೆನ್ಸಿಲಿನ ಗುರುತು. ಸೂರ್ಯಬಾಣದ ಮುಂದೆಯೂ.

“ಯಾರಿಗೆ ಮಾಡಿಕೊಟ್ಟಿ ಆ ಪುಟ?”

“ಯಾವ ಪುಟರಿ?”

“ಶೈಲಾ!”

ಅವಳು ಗೋಡೆಗೆ ಒರಗಿದಳು. “ಹುಬ್ಬಳ್ಳಿಯಿಂದ ಒಬ್ರು ಸರ್ ಮೇಲ್ ಮಾಡತಾರ್ರಿ. ಮುಖಾ ನೋಡಿಲ್ಲ. ನಾಟಿ ಔಷಧದವ್ರು ಅಂದ್ರು. ನಾಕೂ ತಾಲೂಕಿನ್ಯಾಗ ಮೊದಲನೇ ನಂಬರಿಗೆ ತರಬೇಕು ಅಂದ್ರು. ಒಂದೂವರಿ ತಿಂಗಳದಾಗ ತಂದ್ನಿ.” ಆ ಕೊನೆಯ ಮಾತಿನಲ್ಲಿ, ಅಷ್ಟು ಅಂಜಿಕೆಯಲ್ಲೂ, ಸಣ್ಣ ಹೆಮ್ಮೆಯಿತ್ತು. ಹತ್ತನೇ ಇಯತ್ತೆಯಲ್ಲಿ ಶಾಲೆಗೇ ಮೊದಲು ಬಂದಾಗ ಹೀಗೇ ಹೇಳಿದ್ದಳು.

“ಹೆಂಗ ತಂದಿ ಗೊತ್ತಾತು ನನಗ. ಬಿಳಿ ಅಕ್ಷರ.”

“ಎಲ್ಲಾರೂ ಮಾಡತಾರ್ರಿ ಅಪ್ಪಾ. ಬೋರ್ಡ್ ಸ್ವಲ್ಪ ದೊಡ್ಡದ ಮಾಡಿದ್ಹಂಗ ಅದು. ನಾ ಏನ್ ಯಾರಿಗೂ ಔಷಧ ಕುಡಿಸಿಲ್ಲ. ಬರೇ ಶಬ್ದ ಹಾಕೇನಿ.”

“‘ಸೂಜಿ ಮಾಡಿಸಿದವರಿಗೆ ಬೇರು ಹತ್ತುವುದಿಲ್ಲ.’ ಅದೂ ಶಬ್ದ ಏನು?”

“ಅದು ಸರ್ ಬರದ ಕಳಿಸಿದ್ರು. ನಾ ಟೈಪ್ ಅಷ್ಟ ಮಾಡಿದೆ.”

“ಸುರೇಬಾನ ನಾಯಿ ಸಾವು?”

ಅವಳು ಸೆರಗಿನ ಚುಂಗು ಸುತ್ತುತ್ತಿದ್ದಳು.

“ಕೇಳಾಕ ಹತ್ತೇನಿ. ಆ ಸಾಲು ಯಾರ ಹಾಕಿದ್ದು?”

“...ನಾನ.”

“ಅಂದ್ರ ಉಳವಪ್ಪ ಸತ್ತದ್ದು ಗೊತ್ತಿತ್ತು ನಿನಗ.”

“ಪೇಪರಿನ್ಯಾಗ ಓದಿದ್ನಿ. ನಮ್ಮ ಪುಟದಿಂದನ ಅಂತೇನೂ ಬರದಿರಲಿಲ್ಲಲ್ರಿ... ಜನ ಅದನ್ನ ಹುಡುಕಾಕ ಹತ್ಯಾರ, ಅದನ್ನೂ ಹಾಕ್ರಿ ಅಂದ್ರು ಸರ್.”

ನಾನು ಮಕ್ಕಳ ಮೇಲೆ ಕೈ ಎತ್ತಿದವನಲ್ಲ. ಅವತ್ತು ಎತ್ತಿದೆ. ಹೊಡೆಯಲಿಲ್ಲ, ಆದರೆ ಎತ್ತಿದ್ದು ಹೌದು. ವಹಿ ಕೆಳಗೆ ಬಿದ್ದು ಹಾಳೆಗಳು ಬಿಚ್ಚಿಕೊಂಡವು. ಮೂವತ್ತೈದು ವರ್ಷ ಒಂದು ಕಾಗದವೂ ದಾರಿ ತಪ್ಪಬಾರದೆಂದು ಬರೆದ ವಹಿ ಅದು! ಅದನ್ನೇ ಹಿಡಿದು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಜನರನ್ನು ದಾರಿ ತಪ್ಪಿಸಿದ್ದಳು. ನನಗೆ ಅಳು ಬಂತು, ಅತ್ತೆ.

“ಇನ್ನೊಂದು ಹುಡುಗ ಐತಿ,” ಎಂದೆ ಕಣ್ಣೊರೆಸಿಕೊಂಡು. “ಸಣ್ಣದು. ಮಾರೀ ಮ್ಯಾಲೆ ಕಡದೈತಿ. ನಿನ್ನ ಪುಟ ಹಿಡಕೊಂಡು ಹೋಗ್ಯಾರ. ಇವತ್ತ ಸೂಜಿ ಬೀಳಲಿಲ್ಲಂದ್ರ ಅದೂ ಹೊರಸಿಗೆ ಕಟ್ಟಿಸ್ಕೊಂಡು ಸಾಯತೈತಿ. ಆ ವ್ಯಾನು ಎಲ್ಲಿಗೆ ಒಯ್ಯತೈತಿ ಹೇಳು.”

“ಗೊತ್ತಿಲ್ರಿ.”

“ಶೈಲಾ...”

“ಅಪ್ಪೂನ ಆಣಿ, ಗೊತ್ತಿಲ್ರಿ ಅಪ್ಪಾ! ಮೇಲ್ ಬಿಟ್ರ ಬ್ಯಾರೇ ಏನೂ ಇಲ್ಲ ನನ್ನ ಕಡೆ. ಬೇಕಾರ ಎಲ್ಲಾ ಮೇಲ್ ತಗದ ತೋರಸ್ತೇನಿ. ಪುಟಾನೂ ಈಗ ತಗೀತೇನಿ.”

ಅವಳು ಓಡಿಹೋಗಿ ಕುರ್ಚಿಯಲ್ಲಿ ಕೂತಳು. ಅವಳು ಸುಳ್ಳು ಹೇಳುತ್ತಿಲ್ಲ ಎಂಬುದು ನನಗೆ ತಿಳಿಯಿತು. ಅವಳು ಬಾಗಿಲು ತೆರೆದುಕೊಟ್ಟಿದ್ದಳು. ಒಳಗೆ ಯಾರಿದ್ದಾರೆಂದು ಒಂದು ದಿನವೂ ಇಣುಕಿ ನೋಡಿರಲಿಲ್ಲ.

ಅವಳ ಬೆನ್ನ ಹಿಂದೆ ನಿಂತೆ. ಪರದೆಯ ಮೇಲೆ ಅದೇ ಸಾಲುಗಳು. ಅವುಗಳ ನಡುವೆ ಪೂನಮ್ ತೋರಿಸಿದ ಮಾತು ಕಣ್ಣಿಗೆ ಬಿತ್ತು. ಕೇಳಬೇಕೆಂದೇನೂ ಇರಲಿಲ್ಲ. ಮೂವತ್ತೈದು ವರ್ಷದ ಚಟ, ಅರ್ಥವಾಗದ ಒಂದು ಅಕ್ಷರವನ್ನೂ ನಾನು ಬಿಟ್ಟವನಲ್ಲ.

“ಈ ‘ಮುಟ್ಟೇತಿ’ ಅನ್ನೂದು ಎಲ್ಲಿಂದ ತಂದಿ? ನನ್ನ ವಹಿಯಾಗ ಇಲ್ಲ.”

“ಅದಾ?” ಅವಳು ತಿರುಗದೆ ಹೇಳಿದಳು. “ಮಂದಿ ಮನ್ಯಾಗ ಹೆಂಗ ಮಾತಾಡತಾರೋ ಆ ಶಬ್ದ ಹುಡುಕ್ರಿ ಅಂದಿದ್ರು ಸರ್. ಅದು ನಮ್ಮತ್ತಿ ಮಾತ್ರಿ. ಅವ್ರು ಕಚ್ಚೇತಿ ಅನ್ನಂಗಿಲ್ಲ. ಆ ಹೆಸರು ಹೇಳಿದ್ರ ಮತ್ತ ಬರತೈತಿ, ಮುಟ್ಟೇತಿ ಅನ್ನಬೇಕು ಅಂತ ಬಡಕೋತಾರ. ಬ್ಯಾರೇ ಯಾರೂ ಹಂಗ ಅನ್ನಂಗಿಲ್ಲ, ಅವ್ರೊಬ್ಬ್ರ...”

ಅವಳ ಕೈ ಕೀಬೋರ್ಡಿನ ಮೇಲೆ ನಿಂತಿತು.

“ಆ ಹುಡುಗನ ಕರಕೊಂಡು ಹೋದವ್ರು ಯಾರ್ರಿ ಅಪ್ಪಾ?” ಎಂದು ಕೇಳಿದಳು. ಬಹಳ ಮೆಲ್ಲಗೆ.

ನಾನೇ ತಿರುಗಿ ಕೇಳಿದೆ, “ಬೀಗತಿ ಫೋನ್ ಮಾಡಿದ್ರೇನು?”

“ಮಂಗಳವಾರ ಮಾಡಿದ್ರು. ಇನ್ನ ಎಂಟು ದಿನ ಬಿಟ್ಟ ಬರತೇವಿ ಅಂದ್ರು. ಅಪ್ಪೂನ ಕಡೆ ಕೊಡ್ರಿ ಅಂದ್ರ, ಮಲಗ್ಯಾನ, ಎಬ್ಬಸೂದ ಬ್ಯಾಡ ಅಂದ್ರು.” ಅವಳು ಎದ್ದಳು, ಕುರ್ಚಿ ಹಿಂದಕ್ಕೆ ಬಿತ್ತು. “ಯಾರ್ರಿ ಅಪ್ಪಾ ಕರಕೊಂಡು ಹೋದವ್ರು? ಹೇಳ್ರಿ!”

ಗೋಡೆಯ ಮೇಲೆ ಬರೆದಿದ್ದ ನಂಬರುಗಳಲ್ಲಿ ಸಿರಸಂಗಿಯ ಕೆಂಚವ್ವನದು ಇತ್ತು, ಬೀಗತಿ ಬಾಯವ್ವನ ನೆರೆಮನೆಯಾಕೆ. ಬಾಯವ್ವನಿಗೆ ಸ್ವಂತ ಫೋನಿಲ್ಲ. ನಾನೇ ಹಚ್ಚಿದೆ. ಎಂಟು ಸಲ ಗಂಟೆ ಬಾರಿಸಿದ ಮೇಲೆ ಎತ್ತಿದಳು. ಶೈಲಜಾ ನನ್ನ ಕೈಯಿಂದ ಫೋನು ಕಿತ್ತುಕೊಂಡಳು.

“ಕೆಂಚಕ್ಕಾ, ನಾ ಶೈಲಜಾ. ಅತ್ತೀನ ಕರೀರಿ. ಅಪ್ಪೂನ್ನೂ ಕರೀರಿ.”

ಆ ಹೆಂಗಸಿನ ದನಿ ದೊಡ್ಡದು, ಒಂದು ಮಾರು ದೂರ ನಿಂತಿದ್ದ ನನಗೂ ಕೇಳುತ್ತಿತ್ತು.

“ಅವ್ರ ಇಲ್ಲೆಲ್ಲಿ ಅದಾರ ಯವ್ವಾ? ಹ್ವಾದ ಶನಿವಾರ ಹೋದವ್ರು ಬಂದ ಇಲ್ಲ. ಹುಡುಗನ ಗಲ್ಲಕ್ಕ ಬಟ್ಟಿ ಕಟ್ಟಿತ್ತು. ಸೂಜಿ ಮಾಡಿಸ್ರಿ ಅಂದೆ, ಕೇಳಲಿಲ್ಲ. ಸೊಸಿಗರ ಒಂದ ಮಾತ ಹೇಳ್ರಿ ಅಂದೆ. ಅದಕ ಏನಂದ್ಳು ಗೊತ್ತೈತೇನು? ‘ನೆಟ್ಟಿನ್ಯಾಗ ಮೊದಲ ಬಂದದ್ದ ಖರೇ ಇರತೈತಿ ಅಂತ ಆಕೀನ ಹೇಳ್ಯಾಳ ತಗೋ’ ಅಂದ್ಳು.”